ಡಿಕ್ ಡೇಲ್: ಯಾವ ಆಲ್ಬಂ ಮೊದಲು, ಯಾವುದು ಆಮೇಲೆ, ಯಾವುದು ಬಿಟ್ಟರೂ ನಡೆಯುತ್ತೆ

ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ ಹೆಸರು ಗೊತ್ತಿಲ್ಲದವರಿಗೂ ಅವನ ಒಂದು ಟ್ಯೂನ್ ಗೊತ್ತಿರುತ್ತದೆ. 1994ರ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ ಹೆಸರುಗಳು ಬೀಳುವಾಗ ಒಂದು ಗಿಟಾರ್ ಗಡಗಡ ಅಂತ ಶುರುವಾಗುತ್ತಲ್ಲ, ಅದೇ. ಹೆಸರು 'ಮಿಸಿರ್ಲೂ'. ಆಮೇಲೆ ಬ್ಲ್ಯಾಕ್ ಐಡ್ ಪೀಸ್ ತಂಡದವರು ಅದನ್ನೇ ಎತ್ತಿಕೊಂಡು 'ಪಂಪ್ ಇಟ್' ಮಾಡಿದರು, ಹಾಗಾಗಿ ನಮ್ಮಲ್ಲಿ ಕಾಲೇಜು ಫೆಸ್ಟ್‌ಗಳ ಡ್ಯಾನ್ಸಿನಲ್ಲೂ ಬಂದು ಹೋಯಿತು.

ಆ ಟ್ಯೂನ್ ಇಷ್ಟವಾಗಿ ಆಪ್‌ನಲ್ಲಿ ಹೆಸರು ಹುಡುಕಿದರೆ ತಲೆನೋವು ಶುರು. ಒಂದೇ ಹಾಡಿಗೆ ನಾಲ್ಕೈದು ರೂಪ. 'ಬೆಸ್ಟ್ ಆಫ್' ಅಂತ ಸಂಗ್ರಹಗಳ ಸಾಲು. ಒಂದು ಕಡೆ ಅಲೆ ಮೇಲೆ ಹಲಗೆ ಏರಿ ನಿಂತ ಹುಡುಗನ ಹಳೇ ಮುಖಪುಟ, ಇನ್ನೊಂದು ಕಡೆ ಉದ್ದ ಕೂದಲು ಬಿಟ್ಟುಕೊಂಡ ವಯಸ್ಸಾದ ಮನುಷ್ಯ. ಇಬ್ಬರೂ ಒಬ್ಬನೇನಾ ಅಂತ ಅನುಮಾನ ಬರುವಷ್ಟು ವ್ಯತ್ಯಾಸ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಗಿಟಾರ್ ಕೇಳಬೇಕು ಅಂತ ಬಂದಿದ್ದರೆ 1993ರ 'ಟ್ರೈಬಲ್ ಥಂಡರ್' ಮೊದಲು ಕೇಳಿ, 1962ರ 'ಸರ್ಫರ್ಸ್ ಚಾಯ್ಸ್' ಆಮೇಲೆ. ಸಾಮಾನ್ಯವಾಗಿ ಎಲ್ಲರೂ ಹೇಳುವುದು ಇದರ ಉಲ್ಟಾ. ಚರಿತ್ರೆ ಲೆಕ್ಕದಲ್ಲಿ ಅವರು ಹೇಳುವುದು ಸರಿ. ಆದರೆ ಡೇಲ್ 24ನೇ ವಯಸ್ಸಿಗೆ ವೇದಿಕೆ ಮೇಲೆ ಎಬ್ಬಿಸುತ್ತಿದ್ದ ಶಬ್ದ ಸ್ಟುಡಿಯೋದಲ್ಲಿ ಸರಿಯಾಗಿ ಸೆರೆ ಸಿಕ್ಕಿದ್ದು ಅವನಿಗೆ 56 ತುಂಬುವ ಹೊತ್ತಿಗೆ. ಅಷ್ಟು ವರ್ಷ ಯಾಕೆ ಬೇಕಾಯಿತು ಅನ್ನುವುದು ಗೊತ್ತಾದರೆ ಯಾವ ಆಲ್ಬಂ ನಿಮಗೆ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಆಸಾಮಿ ಯಾರು ಅಂತ

ಹುಟ್ಟು ಹೆಸರು ರಿಚರ್ಡ್ ಆಂಥನಿ ಮನ್ಸೂರ್. 1937ರ ಮೇ 4ರಂದು ಬಾಸ್ಟನ್‌ನಲ್ಲಿ ಹುಟ್ಟಿದ. ಅಪ್ಪನ ಮನೆಯವರು ಲೆಬನಾನ್ ಮೂಲದವರು. ನೆಂಟರಲ್ಲಿ ಒಬ್ಬರು ಊದ್ ಅನ್ನೋ ಅರಬ್ಬರ ತಂತಿವಾದ್ಯ ನುಡಿಸುತ್ತಿದ್ದರು, ಹುಡುಗ ಪಕ್ಕದಲ್ಲಿ ಕೂತು ಅರಬ್ಬರ ಕೈಚರ್ಮವಾದ್ಯ ಬಾರಿಸುತ್ತಿದ್ದ. ಅವನ ಆರಾಧ್ಯ ದೈವ ಗಿಟಾರ್ ನುಡಿಸುವವರು ಯಾರೂ ಅಲ್ಲ, ಜಾಝ್ ಡ್ರಮ್ಮರ್ ಜೀನ್ ಕ್ರೂಪಾ. ಇದನ್ನು ನೆನಪಿಟ್ಟುಕೊಳ್ಳಿ. ಡೇಲ್ ಕೊನೇವರೆಗೂ ಗಿಟಾರ್ ಕೈಯಲ್ಲಿ ಹಿಡಿದ ಡ್ರಮ್ಮರ್.

1954ರಲ್ಲಿ ಅಪ್ಪನಿಗೆ ಹ್ಯೂಸ್ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿ ಸಂಸಾರ ಕ್ಯಾಲಿಫೋರ್ನಿಯಾಗೆ ಬಂತು. ಹುಡುಗ ಸಮುದ್ರಕ್ಕೆ ಇಳಿದ, ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್ ಹುಚ್ಚು ಹಿಡಿಯಿತು. 'ಡಿಕ್ ಡೇಲ್' ಅನ್ನೋ ಹೆಸರು ಕೊಟ್ಟಿದ್ದು ಟೆಕ್ಸಸ್ ಟೈನಿ ಅನ್ನೋ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕ. ಇವನು ಆಗ ಹಾಡುತ್ತಿದ್ದದ್ದೂ ಕಂಟ್ರಿನೇ.

ಇನ್ನೊಂದು ಮುಖ್ಯ ವಿಷಯ, ಎಡಗೈ. ಎಡಚರು ಸಾಮಾನ್ಯವಾಗಿ ಗಿಟಾರ್ ತಿರುಗಿಸಿ ಹಿಡಿದರೆ ತಂತಿಗಳನ್ನೂ ಬದಲಾಯಿಸಿ ಹಾಕಿಕೊಳ್ಳುತ್ತಾರೆ, ಜಿಮಿ ಹೆಂಡ್ರಿಕ್ಸ್ ಮಾಡಿದ ಹಾಗೆ. ಡೇಲ್ ತಂತಿ ಬದಲಾಯಿಸಲಿಲ್ಲ. ಗಿಟಾರ್ ತಲೆಕೆಳಗು, ತಂತಿಯೂ ತಲೆಕೆಳಗು. ಅಂದರೆ ಬೇರೆಯವರಿಗೆ ಮೇಲೆ, ಹೆಬ್ಬೆರಳ ಹತ್ತಿರ ಇರುವ ದಪ್ಪ ತಂತಿ ಇವನಿಗೆ ಕೆಳಗೆ, ನೆಲದ ಕಡೆಗೆ. ಎಲ್ಲರೂ ಸಣ್ಣ ತಂತಿಗಳ ಮೇಲೆ ಕುಣಿದಾಡುವ ಹೊತ್ತಲ್ಲಿ ಇವನು ದಪ್ಪ ತಂತಿಯ ಮೇಲೆ ಮನೆ ಕಟ್ಟಿಕೊಂಡ.

ತಂತಿ ಅಂದಮೇಲೆ ಅದರ ಅಳತೆನೂ ಹೇಳಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಿಕ್ ಗಿಟಾರ್‌ಗೆ ಸಾಮಾನ್ಯವಾಗಿ ಹಾಕಿರುವ ಸೆಟ್ಟಿನಲ್ಲಿ ಅತಿ ಸಣ್ಣದು 9, ಅತಿ ದಪ್ಪದು 42, ಲೆಕ್ಕ ಇಂಚಿನ ಸಾವಿರದ ಭಾಗಗಳಲ್ಲಿ. ಡೇಲ್ ಸೆಟ್ಟಿನಲ್ಲಿ ಸಣ್ಣದು 16, ದಪ್ಪದು 60. ಅದರ ಮೇಲೆ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು ಮೇಲೆ ಕೆಳಗೆ, ಮೇಲೆ ಕೆಳಗೆ, ಬಿಡುವೇ ಇಲ್ಲದೆ ಹೊಡೆಯುವುದು. ಪ್ಲಾಸ್ಟಿಕ್ ಪಿಕ್ ಶಾಖಕ್ಕೆ ಕರಗುತ್ತಿತ್ತು ಅಂತ ಅವನೇ ಹೇಳಿಕೊಳ್ಳುತ್ತಿದ್ದ. (ಡೇಲ್ ಹೇಳಿದ್ದನ್ನೆಲ್ಲ ಹಾಗೇ ನಂಬಬಾರದು, ಮಾತುಗಾರ ಮನುಷ್ಯ. ಆದರೆ ಅವನ ಗಿಟಾರ್ ಕೇಳಿದವರಿಗೆ ಈ ಮಾತಿನ ಮೇಲೆ ಅನುಮಾನ ಬರಲ್ಲ.)

ಆಯ್ಕೆ ಒಂದು: 1961-62, ಅಪ್ಪನ ಕಂಪನಿಯ ದಿನಗಳು

ನ್ಯೂಪೋರ್ಟ್ ಬೀಚ್ ಊರಿನ ಬಾಲ್ಬೋವಾದಲ್ಲಿ ರಾಂಡೆವೂ ಬಾಲ್‌ರೂಮ್ ಅಂತ ಒಂದು ದೊಡ್ಡ ನೃತ್ಯದ ಹಾಲ್ ಇತ್ತು. 1928ರಲ್ಲಿ ಕಟ್ಟಿದ್ದು, ಒಂದು ಕಾಲಕ್ಕೆ ದೊಡ್ಡ ದೊಡ್ಡ ಜಾಝ್ ತಂಡಗಳು ಬಾರಿಸಿದ ಜಾಗ. 1961ರ ಹೊತ್ತಿಗೆ ಅಲ್ಲಿ ನೊಣ ಹೊಡೆಯುವ ಸ್ಥಿತಿ. ಡೇಲ್ ಮತ್ತವನ ಡೆಲ್-ಟೋನ್ಸ್ ತಂಡ ಆ ಹಾಲ್ ಹಿಡಿದರು. ಊರಿನವರು ಒಂದು ಷರತ್ತು ಹಾಕಿದರಂತೆ, ಬರುವ ಹುಡುಗರು ಟೈ ಕಟ್ಟಿರಬೇಕು. ಸಮುದ್ರದಿಂದ ನೇರ ಬರಿಗಾಲಲ್ಲಿ ಬರುವ ಹುಡುಗರ ಹತ್ತಿರ ಟೈ ಎಲ್ಲಿಂದ ಬರಬೇಕು? ಬಾಗಿಲಲ್ಲೇ ಒಂದು ಡಬ್ಬದಲ್ಲಿ ಟೈ ಇಟ್ಟು ಹಂಚಿದರಂತೆ. ಮೊದಲು ಬಂದವರು ಅವನ ಸರ್ಫಿಂಗ್ ಗೆಳೆಯರು ಅಷ್ಟೇ, ಒಂದು ಕೈಬೆರಳೆಣಿಕೆ. ಆಮೇಲೆ ಸಾವಿರಾರು ಜನ. ಬರಿಗಾಲು, ಕೊರಳಲ್ಲಿ ಟೈ, ಮರದ ನೆಲದ ಮೇಲೆ ಎಲ್ಲರೂ ಒಟ್ಟಿಗೆ ಕಾಲು ಬಡಿಯುವುದು. ಆ ಕುಣಿತಕ್ಕೆ 'ಸ್ಟಾಂಪ್' ಅಂತಲೇ ಹೆಸರು.

ಅಷ್ಟು ಜನ ಕಾಲು ಬಡಿದರೆ ಗಿಟಾರ್ ಸದ್ದು ದೊಡ್ಡದು ಮಾಡುವ ಆಗಿನ ಆಂಪ್‌ನ ಶಬ್ದ ಯಾರಿಗೆ ಕೇಳಬೇಕು? ಡೇಲ್ ವಾಲ್ಯೂಮ್ ಪೂರ್ತಿ ತಿರುಗಿಸುತ್ತಿದ್ದ, ಆಂಪ್ ಸುಟ್ಟು ಹೋಗುತ್ತಿತ್ತು. ಹತ್ತಿರದಲ್ಲೇ ಫುಲರ್ಟನ್ ಊರಲ್ಲಿ ಗಿಟಾರ್, ಆಂಪ್ ತಯಾರಿಸುವ ಲಿಯೋ ಫೆಂಡರ್ ಕಾರ್ಖಾನೆ. ಫೆಂಡರ್ ಇವನಿಗೆ ಸ್ಟ್ರಾಟೋಕಾಸ್ಟರ್ ಗಿಟಾರ್ ಕೊಟ್ಟು, ಒಂದಾದ ಮೇಲೊಂದು ಆಂಪ್ ಕೊಟ್ಟು, ಸುಟ್ಟು ಬಂದದ್ದನ್ನು ಬಿಚ್ಚಿ ನೋಡಿ, ಮತ್ತೆ ಬಲಪಡಿಸಿ ಕಳಿಸುತ್ತಿದ್ದ. 40ಕ್ಕೂ ಹೆಚ್ಚು ಆಂಪ್ ಹಾಳು ಮಾಡಿದೆ ಅಂತ ಡೇಲ್ ಲೆಕ್ಕ. ಕೊನೆಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿ, ಜೆಬಿಎಲ್ ಕಂಪನಿಯ 15 ಇಂಚಿನ ಸ್ಪೀಕರ್ ಕೂರಿಸಿದ 'ಶೋಮನ್' ಬಂತು, ಆಮೇಲೆ ಅಂಥ ಎರಡು ಸ್ಪೀಕರ್ ಇರುವ 'ಡ್ಯುಯಲ್ ಶೋಮನ್'. ಇವತ್ತಿನ ರಾಕ್ ಕಛೇರಿಗಳಲ್ಲಿ ಎದೆಗೆ ಗುದ್ದುವ ಗಿಟಾರ್ ಶಬ್ದ ಇದೆಯಲ್ಲ, ಅದರ ದಾರಿಯಲ್ಲಿ ಇದೊಂದು ದೊಡ್ಡ ಮೈಲಿಗಲ್ಲು.

ಈ ಕಾಲದ ರೆಕಾರ್ಡುಗಳು ಬಂದಿದ್ದು ಅಪ್ಪ ಶುರು ಮಾಡಿದ 'ಡೆಲ್‌ಟೋನ್' ಅನ್ನೋ ಸಣ್ಣ ಕಂಪನಿಯಿಂದ. 1961ರ 'ಲೆಟ್ಸ್ ಗೋ ಟ್ರಿಪ್ಪಿನ್' ಅನ್ನು ಮೊದಲ ಸರ್ಫ್ ರಾಕ್ (ಸರ್ಫಿಂಗ್ ಹುಡುಗರ ನಡುವೆ ಬೆಳೆದ ಈ ಗಿಟಾರ್ ಸಂಗೀತದ ಹೆಸರು) ಟ್ಯೂನ್ ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ. ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 60ನೇ ಸ್ಥಾನಕ್ಕೆ ಬಂತು. ಇಷ್ಟು ಹೆಸರಾದವನ ಅತಿ ದೊಡ್ಡ ಹಿಟ್ ಅಷ್ಟೇ! 1962ರಲ್ಲಿ 'ಮಿಸಿರ್ಲೂ' ಸಿಂಗಲ್ (ಆಲ್ಬಂ ಅಲ್ಲದೆ ಒಂದು ಹಾಡಿಗಾಗಿ ಬಿಡುವ ಸಣ್ಣ ರೆಕಾರ್ಡು), ವರ್ಷದ ಕೊನೆಗೆ 'ಸರ್ಫರ್ಸ್ ಚಾಯ್ಸ್' ಆಲ್ಬಂ.

ಇಲ್ಲಿ ಎರಡು ಎಚ್ಚರಿಕೆ. ಒಂದು, 'ಸರ್ಫರ್ಸ್ ಚಾಯ್ಸ್'ನಲ್ಲಿ ಇರುವುದು 'ಮಿಸಿರ್ಲೂ ಟ್ವಿಸ್ಟ್'. ಅದು ಸಿನಿಮಾದಲ್ಲಿ ಕೇಳಿದ್ದಲ್ಲ, ಅದಕ್ಕೆ ಪಿಟೀಲು ಗುಂಪು ಎಲ್ಲ ಸೇರಿಸಿದ್ದಾರೆ. ಸಿನಿಮಾದ್ದು ಸಿಂಗಲ್. ಆಲ್ಬಂ ಹಾಕಿಕೊಂಡು 'ಇದೇನಿದು, ಬೇರೆ ಥರ ಇದೆ' ಅಂತ ಗಾಬರಿಯಾಗುವವರು ಜಾಸ್ತಿ. ಎರಡು, ಸರ್ಫ್ ರಾಕ್ ಅಂದ ಕೂಡಲೇ ಬಾವಿಯೊಳಗಿಂದ ಬಂದ ಹಾಗೆ, ನೀರು ತೊಟ್ಟಿಕ್ಕುವ ಹಾಗೆ ಕೇಳುವ ರಿವರ್ಬ್ ಶಬ್ದ ನೆನಪಾಗುತ್ತೆ ಅಲ್ವಾ? 'ಸರ್ಫರ್ಸ್ ಚಾಯ್ಸ್' ಗಿಟಾರ್‌ನಲ್ಲಿ ಅದು ಇಲ್ಲ. ಒಣ ಗಿಟಾರ್. ಫೆಂಡರ್ ರಿವರ್ಬ್ ಪೆಟ್ಟಿಗೆ ಡೇಲ್‌ಗೆ ಬೇಕಾಗಿದ್ದು ಮೊದಲು ತನ್ನ ಹಾಡುವ ದನಿಗೆ, ಗಿಟಾರ್‌ಗೆ ಹಚ್ಚಿದ್ದು ಆಮೇಲೆ. ಹಾಗಾಗಿ 'ಒದ್ದೆ' ಶಬ್ದ ಹುಡುಕಿಕೊಂಡು ಈ ಆಲ್ಬಂಗೆ ಬಂದರೆ ನಿರಾಸೆ ಖಂಡಿತ. ಹುಡುಗರು ಕಾಲು ಬಡಿಯುತ್ತಿದ್ದ ಆ ಹಾಲಿನ ಗಾಳಿ ಹೇಗಿತ್ತು ಅಂತ ಗೊತ್ತಾಗಬೇಕಿದ್ದರೆ ಇದೇ ಸರಿ. ಬಾಲ್‌ರೂಮ್ 1966ರಲ್ಲಿ ಬೆಂಕಿಗೆ ಹೋಯಿತು.

ಮಿಸಿರ್ಲೂ ಮತ್ತು ನಮ್ಮ ಸರಳೆ ವರಸೆ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ಕರ್ನಾಟಕ ಸಂಗೀತ ಎರಡು ತಿಂಗಳಾದರೂ ಕಲಿತವರಿಗೆ ಇಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ.

ಒಂದೇ ತಂತಿ ಮೇಲೆ ಒಂದು ಹಾಡು ಪೂರ್ತಿ ನುಡಿಸ್ತೀಯಾ ಅಂತ ಒಬ್ಬ ಹುಡುಗ ಸವಾಲು ಹಾಕಿದನಂತೆ. ಡೇಲ್‌ಗೆ ಬಾಸ್ಟನ್ ಕಡೆಯ ನೆಂಟರ ಊದ್ ನೆನಪಾಯಿತು. ಮಿಸಿರ್ಲೂ ಪೂರ್ವ ಮೆಡಿಟರೇನಿಯನ್ ಕಡೆಯ ಜನಪದ ಮಟ್ಟು, ಗ್ರೀಕರು, ಅರಬ್ಬರು, ತುರ್ಕಿಯವರು, ಯಹೂದಿಗಳು ಎಲ್ಲರೂ ನಮ್ಮದು ಅನ್ನುವಂಥದ್ದು. 1927ರಷ್ಟು ಹಿಂದೆಯೇ ಅದರ ಗ್ರೀಕ್ ರೆಕಾರ್ಡಿಂಗ್ ಇದೆ. ಮೂಲದಲ್ಲಿ ನಿಧಾನ. ಡೇಲ್ ಅದನ್ನು ಸಿಕ್ಕಾಪಟ್ಟೆ ವೇಗಕ್ಕೆ ಏರಿಸಿ, ದಪ್ಪ ತಂತಿಯೊಂದರ ಮೇಲೆ ಓಡಿಸಿದ.

ಅದರ ಸ್ವರಗಳನ್ನು ಜೋಡಿಸಿ ನೋಡಿ. ಸ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪ, ಶುದ್ಧ ಧೈವತ, ಕಾಕಲಿ ನಿಷಾದ. ಮಾಯಾಮಾಳವಗೌಳ! ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಾವೆಲ್ಲ ಮೊದಲ ದಿನವೇ ಸರಳೆ ವರಸೆ ಒಪ್ಪಿಸುವ ಅದೇ ರಾಗದ ಸ್ವರಗಳು. ಗಿಟಾರ್ ಕೈಯಲ್ಲಿದ್ದರೆ ದಪ್ಪ ತಂತಿಯ ಮೇಲೆ ಬಿಟ್ಟ ತಂತಿ, 1, 4, 5, 7, 8, 11, 12ನೇ ಮನೆ ಒತ್ತುತ್ತಾ ಹೋಗಿ, ಸರಿಗಮಪದನಿಸ ಬರುತ್ತದೆ. ಪ್ರತಿ ಸ್ವರವನ್ನು ಒಂದು ಸಲ ಬಿಟ್ಟು ಎಂಟೆಂಟು ಸಲ ಹೊಡೆದರೆ ಡೇಲ್ ಕಡೆಗೆ ಒಂದು ಹೆಜ್ಜೆ. ಗಮಕ ಇಲ್ಲ, ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಜಾರು ಧಾರಾಳವಾಗಿದೆ.

ಇದನ್ನು ಹೇಳಿದ್ದು ಸುಮ್ನೆ ಅಲ್ಲ. ಆಲ್ಬಂ ಆರಿಸುವಾಗ ಇದು ಉಪಯೋಗಕ್ಕೆ ಬರುತ್ತೆ. ಇಂಥ ಪೂರ್ವದೇಶದ ಮಟ್ಟುಗಳು ನಿಮ್ಮನ್ನು ಹಿಡಿದವು ಅಂತಾದರೆ 1963ರ 'ಕಿಂಗ್ ಆಫ್ ದ ಸರ್ಫ್ ಗಿಟಾರ್' ಆಲ್ಬಂನಲ್ಲಿ 'ಹವಾ ನಗೀಲಾ' ಇದೆ. ಅದು ಯಹೂದಿ ಹಾಡು. ಮಾಯಾಮಾಳವಗೌಳದ ನಿಷಾದವನ್ನು ಒಂದು ಮೆಟ್ಟಿಲು ಇಳಿಸಿ ಕೈಶಿಕಿ ಮಾಡಿದರೆ ವಕುಳಾಭರಣ, ಹವಾ ನಗೀಲಾ ನಿಂತಿರುವುದು ಅದರ ಮೇಲೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ, ನಿಷಾದ ಒಂದರಿಂದ ಎಷ್ಟು ಬದಲಾಗುತ್ತೆ ಅಂತ ಕಿವಿಗೇ ಗೊತ್ತಾಗುತ್ತದೆ.

ಆಯ್ಕೆ ಎರಡು: 1963-64, ದೊಡ್ಡ ಕಂಪನಿ

ಕ್ಯಾಪಿಟಲ್ ರೆಕಾರ್ಡ್ ಕಂಪನಿ ಡೇಲ್‌ನನ್ನು ತೆಗೆದುಕೊಂಡಿತು. ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮ, ಬೀಚ್ ಸಿನಿಮಾಗಳಲ್ಲಿ ಸಣ್ಣ ಪಾತ್ರ, ಎರಡು ವರ್ಷದೊಳಗೆ ಸಾಲುಸಾಲು ಆಲ್ಬಂ. ನೇರವಾಗಿ ಹೇಳುತ್ತೇನೆ, ಇವುಗಳಲ್ಲಿ ಒಂದನ್ನೂ ಮೊದಲಿಂದ ಕೊನೆವರೆಗೆ ಕೇಳುವ ತಾಳ್ಮೆ ನನಗಿಲ್ಲ. ಕಂಪನಿಗೆ ಬೇಕಾಗಿದ್ದು ಚಂದದ ಮುಖದ ಹಾಡುಗಾರ. 'ಕಿಂಗ್ ಆಫ್ ದ ಸರ್ಫ್ ಗಿಟಾರ್' ಅಂತ ಹೆಸರಿಟ್ಟ ಆಲ್ಬಂನಲ್ಲೇ ಬಹಳಷ್ಟು ಹಾಡು, ಬಾಯಲ್ಲಿ ಹಾಡೋ ಹಾಡು! ಅದರ ಮೇಲೆ ಫ್ಯಾಷನ್ ಬದಲಾದ ಹಾಗೆ ಅಲೆ ಬಿಟ್ಟು ಕಾರ್ ರೇಸ್ ಹಿಡಿದರು. 1963ರ 'ಚೆಕರ್ಡ್ ಫ್ಲ್ಯಾಗ್', 1964ರ 'ಮಿಸ್ಟರ್ ಎಲಿಮಿನೇಟರ್' ಪೂರ್ತಿ ಕಾರಿನದೇ ಮಾತು.

ಆದರೆ ಹೆಕ್ಕಿಕೊಂಡರೆ ಚಿನ್ನ ಇದೆ. 'ಚೆಕರ್ಡ್ ಫ್ಲ್ಯಾಗ್'ನಿಂದ 'ದ ವೆಜ್', ಇದು ನ್ಯೂಪೋರ್ಟ್‌ನ ಒಂದು ಭಯಂಕರ ಅಲೆಯ ಜಾಗದ ಹೆಸರು. 'ಮಿಸ್ಟರ್ ಎಲಿಮಿನೇಟರ್'ನಿಂದ 'ಟ್ಯಾಕೋ ವ್ಯಾಗನ್' ಮತ್ತು 'ದ ವಿಕ್ಟರ್'. 1964ರ 'ಸಮ್ಮರ್ ಸರ್ಫ್'ನಿಂದ 'ಬಾನ್ಜಾಯ್ ವಾಶ್‌ಔಟ್', 'ಸ್ಪ್ಯಾನಿಷ್ ಕಿಸ್'. ಮುಂಚೆ ಹೇಳಿದ 'ಹವಾ ನಗೀಲಾ' ಸೇರಿಸಿ ಆರು ಟ್ರ್ಯಾಕ್, ಒಂದು ಪ್ಲೇಲಿಸ್ಟ್ ಮಾಡಿಕೊಳ್ಳಿ, ಉಳಿದದ್ದು ಬಿಟ್ಟರೂ ನಷ್ಟವಿಲ್ಲ. ಆ ರಿವರ್ಬ್ ತುಂಬಿದ 'ಒದ್ದೆ' ಗಿಟಾರ್ ಬೇಕು ಅಂದವರಿಗೆ ಸಿಗುವುದು ಈ ಕಾಲದಲ್ಲೇ.

1965ರ 'ಲೈವ್ ಅಟ್ ಸಿರೋಸ್' ಹೆಸರು ನೋಡಿ ಆಸೆ ಪಡಬೇಡಿ. ಲೈವ್ ಹೌದು, ಗಿಟಾರ್ ಗುಡುಗು ಕಮ್ಮಿ, ಆಗಿನ ಜನಪ್ರಿಯ ಹಾಡುಗಳನ್ನು ಹಾಡಿದ್ದೇ ಜಾಸ್ತಿ.

1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದರು. ಹಾಡಿಲ್ಲದ ಗಿಟಾರ್ ಸಂಗೀತಕ್ಕೆ ರೇಡಿಯೋದಲ್ಲಿ ಜಾಗ ಇಲ್ಲವಾಯಿತು. ಡೇಲ್ ಮೊದಲೇ ಕ್ಯಾಲಿಫೋರ್ನಿಯಾ ಬಿಟ್ಟು ಹೊರಗೆ ಹೆಚ್ಚು ಹೋಗುತ್ತಿರಲಿಲ್ಲ. ಕ್ಯಾಪಿಟಲ್ ಕೈಬಿಟ್ಟಿತು. ಅದೇ ಸಮಯಕ್ಕೆ ಗುದನಾಳದ ಕ್ಯಾನ್ಸರ್. ಬದುಕುವುದೇ ಅನುಮಾನ ಅಂತ ಆಗಿತ್ತು, ಉಳಿದುಕೊಂಡ, ಹವಾಯಿಗೆ ಹೋಗಿಬಿಟ್ಟ. 1967ರ ಹೆಂಡ್ರಿಕ್ಸ್ ಟ್ರ್ಯಾಕ್ ಒಂದರಲ್ಲಿ ಇನ್ನು ಮುಂದೆ ಸರ್ಫ್ ಸಂಗೀತ ಕೇಳಿಸುವುದಿಲ್ಲ ಅನ್ನುವ ಮಾತು ಬರುತ್ತೆ. ಅದು ತನ್ನ ಕಾಯಿಲೆ ಸುದ್ದಿ ಕೇಳಿ ಆಡಿದ್ದು ಅಂತ ಡೇಲ್ ಹೇಳುತ್ತಿದ್ದ.

ನಡುವಿನ ಬರಗಾಲ

ಇಲ್ಲಿಂದ ಸುಮಾರು 20 ವರ್ಷಕ್ಕೂ ಮೇಲ್ಪಟ್ಟು ಕೇಳಲೇಬೇಕಾದ್ದು ಬಹಳ ಇಲ್ಲ. 1979ರಲ್ಲಿ ಈಜುವಾಗ ಆದ ಗಾಯಕ್ಕೆ ಕೊಳಕು ನೀರಿನಿಂದ ಸೋಂಕು ತಗಲಿ ಕಾಲು ಕಳೆದುಕೊಳ್ಳುವ ಮಟ್ಟಕ್ಕೆ ಹೋಗಿ ಬಂದ, ಆಮೇಲೆ ಸಮುದ್ರ ಮಾಲಿನ್ಯದ ವಿರುದ್ಧ ಮಾತಾಡಲು ಶುರು ಮಾಡಿದ. 1983ರಲ್ಲಿ 'ದ ಟೈಗರ್ಸ್ ಲೂಸ್' ಅನ್ನೋ ಲೈವ್ ಆಲ್ಬಂ. ಹುಲಿ, ಸಿಂಹಗಳನ್ನು ನಿಜವಾಗಿಯೂ ಸಾಕಿದ್ದ ಮನುಷ್ಯ, ಅವುಗಳ ಗರ್ಜನೆಯನ್ನೇ ಗಿಟಾರ್‌ನಲ್ಲಿ ಹಿಡಿಯಲು ನೋಡುತ್ತಿದ್ದೆ ಅನ್ನುತ್ತಿದ್ದ.

ಈ ಬರಗಾಲದಲ್ಲಿ ಒಂದೇ ಒಂದನ್ನು ಮಿಸ್ ಮಾಡಬೇಡಿ. 1987ರ 'ಬ್ಯಾಕ್ ಟು ದ ಬೀಚ್' ಸಿನಿಮಾಗೆ ಸ್ಟೀವಿ ರೇ ವಾನ್ ಜೊತೆ ನುಡಿಸಿದ 'ಪೈಪ್‌ಲೈನ್'. ಮೂಲ ಶಾಂಟೇಸ್ ತಂಡದ್ದು. ಬ್ಲೂಸ್‌ನ ಹುಲಿ ಒಂದು ಕಡೆ, ಸರ್ಫ್‌ನ ಹುಲಿ ಇನ್ನೊಂದು ಕಡೆ. ಗ್ರ್ಯಾಮಿಗೆ ನಾಮನಿರ್ದೇಶನ ಆಯಿತು. ಬ್ಲೂಸ್ ರುಚಿ ಇರುವ ಗೆಳೆಯರಿಗೆ ಡೇಲ್ ಪರಿಚಯ ಮಾಡಿಸಬೇಕಿದ್ದರೆ ನಾನು ಇದನ್ನೇ ಹಾಕುತ್ತೇನೆ.

ಆಯ್ಕೆ ಮೂರು: 1993ರಿಂದ ಆಚೆ

'ಟ್ರೈಬಲ್ ಥಂಡರ್' 1993ರಲ್ಲಿ ಹೈಟೋನ್ ಅನ್ನೋ ಸಣ್ಣ ಕಂಪನಿಯಿಂದ ಬಂತು. ಗಮನಿಸಿ, 'ಪಲ್ಪ್ ಫಿಕ್ಷನ್' ಬರುವುದಕ್ಕಿಂತ ಒಂದು ವರ್ಷ ಮೊದಲು. ಸಿನಿಮಾದಿಂದಾಗಿ ಡೇಲ್ ಎದ್ದು ಬಂದ ಅನ್ನುವವರು ಇದನ್ನು ಮರೆಯುತ್ತಾರೆ. ಆತ ಎದ್ದು ನಿಂತಾಗಿತ್ತು, ಸಿನಿಮಾ ಮೈಕ್ ಕೊಟ್ಟಿತು ಅಷ್ಟೇ.

ಇಲ್ಲಿ ಸ್ಯಾಕ್ಸೋಫೋನ್ ಇಲ್ಲ, ಪಿಟೀಲು ಇಲ್ಲ, ಹಿಂದೆ ಕೂತು ಊಂ ಊಂ ಅನ್ನುವ ಹಾಡುಗಾರ್ತಿಯರಿಲ್ಲ. ಗಿಟಾರ್, ಬೇಸ್, ಡ್ರಮ್ಸ್. ಅಷ್ಟೇ. ಮೊದಲ ಟ್ರ್ಯಾಕ್ 'ನೈಟ್ರೋ' ಹಾಕಿ, ಆಮೇಲೆ 1964ರ ಯಾವುದಾದರೂ ಟ್ರ್ಯಾಕ್ ಹಾಕಿ. ಹಳೆಯದರಲ್ಲಿ ಗಿಟಾರ್ ತಂಡದ ಮುಂದೆ ನಿಂತಿರುತ್ತದೆ, ಆದರೆ ಅದರ ಮೈಭಾರ ಗೊತ್ತಾಗುವುದಿಲ್ಲ. ಹೊಸದರಲ್ಲಿ ಆ 60 ಅಳತೆಯ ದಪ್ಪ ತಂತಿ ಮರಕ್ಕೆ ಬಡಿಯುವುದೂ ಕೇಳುತ್ತದೆ. ಪಿಕ್ ಒಂದೊಂದು ಏಟೂ ಬೇರೆ ಬೇರೆ. ಕ್ರೂಪಾನ ಶಿಷ್ಯ ಅಂತ ಆಗ ನಂಬಿಕೆ ಬರುತ್ತದೆ, ಯಾಕೆಂದರೆ ಕೈ ಸ್ವರದ ಹಿಂದೆ ಹೋಗುತ್ತಿಲ್ಲ, ತಾಳದ ಹಿಂದೆ ಹೋಗುತ್ತಿದೆ, ಸ್ವರ ಅದರ ಜೊತೆ ಬಂದರೆ ಬರಲಿ ಅನ್ನುವ ಹಾಗೆ. 'ದ ನ್ಯೂ ವಿಕ್ಟರ್' 1964ರ 'ದ ವಿಕ್ಟರ್' ಅನ್ನೇ ಮತ್ತೆ ಕೈಗೆತ್ತಿಕೊಂಡದ್ದು, ಹಾಗಾಗಿ ಎರಡು ಕಾಲವನ್ನು ಹೋಲಿಸಲು ಇದಕ್ಕಿಂತ ಸುಲಭದ ಜೋಡಿ ಸಿಗಲ್ಲ. 'ಎಸ್ಪರಾನ್ಸಾ' ಮೆತ್ತಗಿದೆ, ಡೇಲ್‌ಗೆ ನಿಧಾನವೂ ಬರುತ್ತೆ ಅಂತ ತೋರಿಸಲು ಅದೊಂದು ಸಾಕು.

1994ರ 'ಅನ್‌ನೋನ್ ಟೆರಿಟರಿ' ಸ್ವಲ್ಪ ಚದುರಿದೆ. 'ಹವಾ ನಗೀಲಾ' ಮತ್ತೆ ಇದೆ, ಅದಕ್ಕಾಗಿ ಕೇಳಿ. 1996ರ 'ಕಾಲಿಂಗ್ ಅಪ್ ಸ್ಪಿರಿಟ್ಸ್' ಇನ್ನೂ ಒರಟು, ಅದರಲ್ಲಿ ಹೆಂಡ್ರಿಕ್ಸ್‌ನ 'ಥರ್ಡ್ ಸ್ಟೋನ್ ಫ್ರಮ್ ದ ಸನ್' ನುಡಿಸಿದ್ದಾನೆ. ಮೇಲೆ ಹೇಳಿದೆನಲ್ಲ, ಸರ್ಫ್ ಸಂಗೀತ ಇನ್ನಿಲ್ಲ ಅನ್ನುವ ಮಾತು ಬರುವುದು ಇದೇ ಟ್ರ್ಯಾಕ್‌ನಲ್ಲಿ. 29 ವರ್ಷ ಬಿಟ್ಟು ಉತ್ತರ ಕೊಟ್ಟ ಹಾಗೆ. 2001ರ 'ಸ್ಪೇಷಿಯಲ್ ಡಿಸ್‌ಓರಿಯೆಂಟೇಷನ್' ಅಭಿಮಾನಿಗಳಿಗೆ ಮಾತ್ರ. ಮೆಟಲ್ ಕೇಳುವವರಾದರೆ ನೇರ 1996ಕ್ಕೆ ಹೋಗಿ, 1962ರ ಒಣ ಗಿಟಾರ್ ನಿಮಗೆ ಮಕ್ಕಳಾಟ ಅನ್ನಿಸೀತು.

ಎರಡೂ ಬೇಕು, ತಲೆಬಿಸಿ ಬೇಡ ಅನ್ನುವವರಿಗೆ

ಸಂಗ್ರಹಗಳು ಇವೆ. ರೈನೋ ಕಂಪನಿಯದು ಎರಡು. ಒಂದು 80ರ ದಶಕದ್ದು, ಮುಖ್ಯವಾಗಿ 60ರ ದಶಕದ ಹಾಡುಗಳು. ಇನ್ನೊಂದು 1997ರ 'ಬೆಟರ್ ಶ್ರೆಡ್ ದ್ಯಾನ್ ಡೆಡ್', ಎರಡು ಸಿಡಿ, ಹಳೆಯದೂ ಇದೆ, 90ರ ದಶಕದ್ದೂ ಇದೆ. ಸಂಗ್ರಹವೇ ಸಾಕು ಅಂದರೆ ಎರಡನೆಯದು ತಗೊಳ್ಳಿ, ಯೋಚನೆ ಬೇಡ. ಹಳೇ 'ಮಿಸಿರ್ಲೂ' ಸಿಂಗಲ್ ಕೂಡ ಅದರಲ್ಲೇ ಸಿಗುತ್ತೆ. ಬೇರೆ ಯಾವುದೋ ಹೆಸರಿಲ್ಲದ ಸಂಗ್ರಹ ಎದುರಾದರೆ ಒಳಗಿರುವ ರೆಕಾರ್ಡಿಂಗ್ ಯಾವ ವರ್ಷದ್ದು ಅಂತ ನೋಡಿ, ಬರೆದಿಲ್ಲ ಅಂದರೆ ಮುಂದೆ ಹೋಗಿ.

ಡೇಲ್ ನಿಮಗೆ ಆಗಿಬರದೇ ಇರಬಹುದು

ಹಾಗೂ ಆಗುತ್ತೆ. ಈ ಅಬ್ಬರ ಎಲ್ಲರಿಗೂ ಅಲ್ಲ. ಅಚ್ಚುಕಟ್ಟಾದ, ಒಂದೊಂದು ಸ್ವರವೂ ಇಸ್ತ್ರಿ ಮಾಡಿದಂಥ ಗಿಟಾರ್ ಬೇಕಿದ್ದರೆ ವೆಂಚರ್ಸ್ ಕೇಳಿ. ಅವರು ಕ್ಯಾಲಿಫೋರ್ನಿಯಾದವರೂ ಅಲ್ಲ, ಸರ್ಫರ್‌ಗಳೂ ಅಲ್ಲ, ಉತ್ತರದ ವಾಷಿಂಗ್ಟನ್ ರಾಜ್ಯದ ಟಕೋಮಾದವರು, 1960ರ 'ವಾಕ್, ಡೋಂಟ್ ರನ್' ಅವರದು. ಮೆಲ್ಲಗೆ ಮಂಕು ಕವಿಸುವಂಥದ್ದು ಬೇಕಿದ್ದರೆ ಶಾಂಟೇಸ್ ತಂಡದ ಮೂಲ 'ಪೈಪ್‌ಲೈನ್', 1963. ಡ್ರಮ್ಸ್ ಮತ್ತು ನಗು ಬೇಕಿದ್ದರೆ ಸರ್ಫಾರಿಸ್ ತಂಡದ 'ವೈಪ್ ಔಟ್', ಅದೂ 1963. ಡೇಲ್ ಮೊದಲಾ, ಇವರು ಮೊದಲಾ ಅನ್ನುವ ಜಗಳದ ಇನ್ನೊಂದು ಹೆಸರು ಬೆಲ್-ಏರ್ಸ್, ಅವರ 'ಮಿಸ್ಟರ್ ಮೋಟೋ' ಬಂದಿದ್ದೂ 1961ರಲ್ಲೇ. ಅದರಲ್ಲಿ ಎರಡು ಗಿಟಾರ್ ಮಾತಾಡಿಕೊಳ್ಳುತ್ತವೆ, ಜಗಳ ಆಡುವುದಿಲ್ಲ. ನನಗೆ ಬಹಳ ಇಷ್ಟ.

ಬೀಚ್ ಬಾಯ್ಸ್ ಹಾಡುಗಳ ತಂಡ, ಅದು ಬೇರೆಯೇ ಪಂಥ. ಆದರೆ ಅವರ 1963ರ 'ಸರ್ಫಿನ್ ಯುಎಸ್ಎ' ಆಲ್ಬಂನಲ್ಲಿ 'ಮಿಸಿರ್ಲೂ' ಮತ್ತು 'ಲೆಟ್ಸ್ ಗೋ ಟ್ರಿಪ್ಪಿನ್' ಎರಡನ್ನೂ ನುಡಿಸಿದ್ದಾರೆ. ಡೇಲ್ ರೂಪದ ಪಕ್ಕದಲ್ಲಿಟ್ಟು ಕೇಳಿ. ಸ್ವರ ಅದೇ, ವೇಗವೂ ಕೆಟ್ಟದಾಗಿಲ್ಲ, ಆದರೆ ಕೈಯಲ್ಲಿ ಆ ಏಟು ಇಲ್ಲ.

ಕಲಿಯುವವರಿಗೆ ಒಂದು ಮಾತು. ಡೇಲ್ ಥರ ಬರಬೇಕು ಅಂತ ತಂದ ಕೂಡಲೇ 16-60ರ ತಂತಿ ಹಾಕಬೇಡಿ. ಆ ಎಳೆತಕ್ಕೆ ಗಿಟಾರ್ ಕತ್ತು ಬಾಗುತ್ತೆ, ತಂತಿ ಕೂರುವ ಕಚ್ಚೂ ಸಾಲುವುದಿಲ್ಲ, ರಿಪೇರಿಯವರ ಹತ್ತಿರ ಹೋಗಬೇಕಾಗುತ್ತೆ. ಇರುವ ತಂತಿಗಿಂತ ಒಂದು ಸೈಜ್ ದಪ್ಪದ್ದು ಸಾಕು, ಮಿಕ್ಕಿದ್ದೆಲ್ಲ ಮಣಿಕಟ್ಟಿನಲ್ಲಿದೆ. ಕೇಳುವವರಿಗೂ ಒಂದು ಮಾತು. ಫೋನಿನ ಸ್ಪೀಕರ್‌ನಲ್ಲಿ ಡೇಲ್ ಕೇಳಿದರೆ ದಪ್ಪ ತಂತಿಯ ಅರ್ಧ ಮೈ ಮಾಯ. ಒಳ್ಳೆ ಇಯರ್‌ಫೋನ್ ಇಲ್ಲವೇ ಸ್ವಲ್ಪ ದೊಡ್ಡ ಸ್ಪೀಕರ್ ಇರಲಿ, ಪಕ್ಕದ ಮನೆಯವರು ಊರಿಗೆ ಹೋಗಿದ್ದರೆ ಇನ್ನೂ ಒಳ್ಳೆಯದು.

ಕೊನೇ ದಿನಗಳ ವಿಡಿಯೋ: ನೋಡಬೇಕಾ, ಬೇಡವಾ

ಯೂಟ್ಯೂಬ್‌ನಲ್ಲಿ ರಾಶಿ ಇದೆ. 90ರ ದಶಕದ್ದು ಕಣ್ಣು ಮುಚ್ಚಿಕೊಂಡು ನೋಡಿ ಅನ್ನಬಹುದು. 2010ರ ನಂತರದ್ದು ಸ್ವಲ್ಪ ಯೋಚಿಸಿ ನೋಡಿ. ಕ್ಯಾನ್ಸರ್ ಮತ್ತೆ ಬಂದಿತ್ತು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಸಾಲದ್ದಕ್ಕೆ ಬೆನ್ನು. 2015ರ ಹೊತ್ತಿಗೆ ಒಂದು ಸಂದರ್ಶನದಲ್ಲಿ ನೇರವಾಗಿ ಹೇಳಿಬಿಟ್ಟ, ಚಿಕಿತ್ಸೆಯ ಖರ್ಚಿಗೆ ತಿಂಗಳಿಗೆ 3000 ಡಾಲರ್ ಬೇಕು, ಊರೂರು ತಿರುಗಿ ನುಡಿಸದಿದ್ದರೆ ಆಗುವುದಿಲ್ಲ ಅಂತ. ಆಂಪ್ ಕಂಪನಿಗಳ ಚರಿತ್ರೆಯಲ್ಲಿ ಹೆಸರಿರುವ ಮನುಷ್ಯ, ಜಗತ್ತಿನ ಅರ್ಧ ಜನಕ್ಕೆ ಟ್ಯೂನ್ ಗೊತ್ತಿರುವ ಮನುಷ್ಯ, 78ನೇ ವಯಸ್ಸಿಗೆ ವ್ಯಾನ್ ಹತ್ತಿ ಹೋಗುತ್ತಿದ್ದ. 2019ರ ಮಾರ್ಚ್ 16ರಂದು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ತೀರಿಕೊಂಡ, 81 ವಯಸ್ಸು. ಮುಂದಿನ ಕಾರ್ಯಕ್ರಮಗಳ ದಿನಾಂಕ ಆಗಲೇ ನಿಗದಿಯಾಗಿತ್ತು.

ಆ ಕೊನೆಯ ವರ್ಷಗಳ ವಿಡಿಯೋಗಳಲ್ಲಿ ವೇಗ ಕಡಿಮೆ, ಮಾತು ಜಾಸ್ತಿ. ಅದಕ್ಕೇ ಮೊದಲ ಪರಿಚಯಕ್ಕೆ ಅವು ಬೇಡ. ಆದರೆ ಒಂದನ್ನಾದರೂ ಕೊನೇವರೆಗೆ ನೋಡಿ, ಯಾಕೆಂದರೆ ಡೇಲ್ ಕಛೇರಿಗಳಲ್ಲಿ ಒಂದು ಹಳೇ ವರಸೆ ಇತ್ತು. ನಡುವೆ ಗಿಟಾರ್ ಬಿಟ್ಟು, ಎರಡು ಡ್ರಮ್ ಕೋಲು ಕೈಗೆತ್ತಿಕೊಂಡು, ಬೇಸ್ ಗಿಟಾರ್‌ನವನ ಮುಂದೆ ಬಂದು ನಿಲ್ಲುತ್ತಿದ್ದ. ಆತ ಸುಮ್ಮನೆ ಸ್ವರ ಒತ್ತಿ ಹಿಡಿದಿರಬೇಕು, ಇವನು ಕೋಲಿನಿಂದ ಅವನ ತಂತಿಗಳ ಮೇಲೆ ಬಾರಿಸುವುದು.